ಅಂಗೈಯಲ್ಲಿ ತೂಗಿದ ಬ್ರೇಕು

"ಗುರುಗಳೇ, ನನ್ನ ಪ್ರವಚನ ಕೇಳಿದವರು ನಗುನಗುತ್ತ ಮನೆಗೆ ಹೋಗುತ್ತಾರೆ. ಮರುವಾರ ಇನ್ನಿಬ್ಬರನ್ನು ಕರೆತರುತ್ತಾರೆ. ನಿಮ್ಮ ಮಾತು ಕೇಳಿದವರು ಮುಖ ಸಣ್ಣದು ಮಾಡಿಕೊಂಡು ಎದ್ದು ಹೋಗುತ್ತಾರೆ. ಕೇಳುವವರಿಗೆ ಹಿತವಾಗುವಂತೆ ಹೇಳಿದರೆ ತಪ್ಪೇನು?" ಎಂದು ಶಿಷ್ಯ ಕೇಳಿದ.

ಗುರುಗಳು ಅವನಿಗೆ ಒಂದು ಕತೆ ಹೇಳಿದರು.

ಗುಡ್ಡ ಹತ್ತುವ ಸೈಕಲ್ಲುಗಳು ಹೊಸದಾಗಿ ಬಂದಿದ್ದ ಕಾಲ. ಗುಡ್ಡದ ಬುಡದ ಒಂದು ಊರಿನಲ್ಲಿ ಲೋಹ ಕಡೆಯುವ ಒಬ್ಬ ಲೇತ್ ಕೆಲಸದವನಿದ್ದ. ಆ ಸೈಕಲ್ಲುಗಳಿಗೆ ಬ್ರೇಕಿನ ಹಿಡಿಗಳನ್ನು ಮಾಡಿ ಮಾರಲು ಕೂತ. ಮೊದಲು ಮಾಡಿದವು ಗಟ್ಟಿಯಾಗಿದ್ದವು. ಯಾರೂ ಕೊಳ್ಳಲಿಲ್ಲ. ಆರು ತಿಂಗಳು ನೊಣ ಹೊಡೆದದ್ದೇ ಬಂತು.

ಕೂತಲ್ಲೇ ಅವನೊಂದು ವಿಷಯ ಗಮನಿಸಿದ. ಬಂದವರೆಲ್ಲ ಹಿಡಿಯನ್ನು ಅಂಗೈಯಲ್ಲಿಟ್ಟು ಎರಡು ಸಲ ಮೇಲೆ ಕೆಳಗೆ ಆಡಿಸುತ್ತಿದ್ದರು. ಭಾರ ಎನಿಸಿದರೆ ಇಟ್ಟು ಹೋಗುತ್ತಿದ್ದರು. ಇಳಿಜಾರಿನಲ್ಲಿ ಇದು ತಡೆಯುತ್ತದೆಯೇ ಎಂದು ಒಬ್ಬನೂ ಕೇಳಲಿಲ್ಲ. ಅಂಗಡಿಯಲ್ಲಿ ಇಳಿಜಾರು ಎಲ್ಲಿಂದ ಬರಬೇಕು?

ಅವನು ಹಿಡಿಯ ಬುಡದಲ್ಲಿ, ಕಣ್ಣಿಗೆ ಬೀಳದ ಕಡೆ, ಸ್ವಲ್ಪ ಲೋಹ ಕೆರೆದು ತೆಗೆದ. ನಾಲ್ಕು ಜನ ಕೊಂಡರು. ಇನ್ನಷ್ಟು ತೆಗೆದ. ನಲವತ್ತು ಜನ ಬಂದರು. ಮೇಲೆ ನೇರಳೆ ಬಣ್ಣ ಹಾಕಿ ಮಿರುಗಿಸಿದ. ಆಮೇಲೆ ಅವನಿಗೆ ಊಟಕ್ಕೂ ಪುರುಸೊತ್ತಿಲ್ಲ. ಕಿರುಬೆರಳಿನಷ್ಟು ದಪ್ಪ ಇರಬೇಕಾದ ಬುಡ ತಗಡಿನಷ್ಟಾಗಿತ್ತು. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ದಿನಾ ಹತ್ತು ಜನ ಬಾಯಿ ತುಂಬ ಹೊಗಳುತ್ತಿದ್ದರೆ ಗೊತ್ತಿದ್ದದ್ದೂ ಮರೆತುಹೋಗುತ್ತದೆ.

ಒಬ್ಬ ಸವಾರ ಗುಡ್ಡ ಇಳಿಯುವಾಗ ಬ್ರೇಕು ಒತ್ತಿದ. ಹಿಡಿ ಬುಡದಲ್ಲೇ ಮುರಿದು ಕೈಗೆ ಬಂತು. ಅವನು ಚರಂಡಿಗೆ ಬಿದ್ದ. ಮಣಿಕಟ್ಟಿನ ಮೂಳೆ ಮುರಿಯಿತು. ಎರಡು ತಿಂಗಳಾದ ಮೇಲೆ, ಆಗತಾನೆ ಪಟ್ಟಿ ಬಿಚ್ಚಿದ ಕೈಯಲ್ಲಿ ಮುರಿದ ಹಿಡಿ ಹಿಡಿದುಕೊಂಡು ಅಂಗಡಿಗೆ ಬಂದ.

ಅವನನ್ನು ದೂರದಿಂದ ನೋಡಿಯೇ ಕೆಲಸದವನು ಲೇತ್ ನಿಲ್ಲಿಸಿ ಎದ್ದು ನಿಂತ. ಹೆದರಿಕೆ ಇತ್ತು ನಿಜ. ಅದರ ಜೊತೆಗೆ, ಸದ್ಯ, ಬೈಯುವವನೊಬ್ಬ ಬಂದನಲ್ಲ ಎಂಬ ನೆಮ್ಮದಿಯೂ ಇತ್ತು.

ಸವಾರ ಬೈಯಲಿಲ್ಲ. "ಮುರಿದೋಯ್ತು ಯಜಮಾನ್ರೇ. ಆದ್ರೆ ಏನ್ ಹಗುರ ಅಂತೀರಿ! ಹತ್ತುವಾಗ ಹೂವು ಇದ್ದಂಗಿತ್ತು. ಇಂಥದ್ದೇ ಇನ್ನೊಂದು ಕೊಡಿ. ಬರೋ ಭಾನುವಾರ ದೊಡ್ಡ ಗುಡ್ಡಕ್ಕೆ ಹೊರಟಿದ್ದೀವಿ" ಎಂದ.

ದೊಡ್ಡ ಗುಡ್ಡದ ಇಳಿಜಾರಿನ ಪಕ್ಕದಲ್ಲಿ ಚರಂಡಿ ಇಲ್ಲ, ಕಮರಿ ಇದೆ. ಅದು ಊರಿಗೆಲ್ಲ ಗೊತ್ತು.

"ಅದು ಬ್ಯಾಡಪ್ಪ. ಗಟ್ಟಿಯಾಗಿ ಒಂದು ಮಾಡಿಕೊಡ್ತೀನಿ, ನಾಳೆ ಬಾ. ದುಡ್ಡೇನೂ ಕೊಡಬ್ಯಾಡ" ಎಂದ ಕೆಲಸದವನು.

ಸಂಜೆಯವರೆಗೆ ಬೇರೆ ಕೆಲಸ ಮುಟ್ಟದೆ ಒಂದೇ ಹಿಡಿ ಮಾಡಿದ. ಬುಡಕ್ಕೆ ಕಿರುಬೆರಳಿನಷ್ಟು ದಪ್ಪ ಬಿಟ್ಟ. ಮುಗಿದ ಮೇಲೆ ಅದನ್ನು ಮೇಜಿಗೆ ಬಿಗಿದ ಇಕ್ಕುಳಕ್ಕೆ ಕಚ್ಚಿಸಿ ಮೈಭಾರವೆಲ್ಲ ಹಾಕಿ ಜಗ್ಗಿದ. ಅದು ಬಾಗಲೂ ಇಲ್ಲ. ಎಷ್ಟೋ ದಿನಗಳ ಮೇಲೆ ತನ್ನ ಕೆಲಸ ನೋಡಿ ಅವನಿಗೆ ಖುಷಿಯಾಯಿತು.

ಮರುದಿನ ಸವಾರ ಬಂದ. ಹಿಡಿಯನ್ನು ಅಂಗೈಯಲ್ಲಿಟ್ಟು ಎರಡು ಸಲ ಆಡಿಸಿದ. ಮುಖ ಬಾಡಿತು. ಮೇಜಿನ ಮೇಲೆ ಇಟ್ಟುಬಿಟ್ಟ. ಹಿಂದೆ ನಿಂತಿದ್ದ ನಾಲ್ಕು ಜನ ಗಿರಾಕಿಗಳೂ ಅದನ್ನು ಒಬ್ಬೊಬ್ಬರಾಗಿ ಎತ್ತಿ ನೋಡಿ ಇಟ್ಟರು. ಇವನ ಕೈ ಯಾಕೋ ಕೆಟ್ಟಿತು ಎಂದು ಒಬ್ಬ ಗೊಣಗಿದ್ದೂ ಕೇಳಿಸಿತು.

ಸವಾರ ಹೊಸ್ತಿಲ ತನಕ ಹೋಗಿ ತಿರುಗಿದ. "ಹಳೇ ತರದ್ದು ಒಂದಾದ್ರೂ ಇಲ್ವಾ ಯಜಮಾನ್ರೇ? ನಿಮ್ಮ ಮೇಲಿನ ನಂಬಿಕೆಗೆ ಕೇಳ್ತಿದ್ದೀನಿ. ಇಲ್ಲಾಂದ್ರೆ ಆಚೆ ಬೀದೀಲಿ ಹಗುರದ್ದು ಮಾಡೋರ ಹತ್ರ ಹೋಗ್ತೀನಿ."

ಡ್ರಾಯರಿನಲ್ಲಿ ಒಂದು ಇತ್ತು, ನೇರಳೆ ಬಣ್ಣದ್ದು. ನಾಲ್ಕೂ ಜನ ನೋಡುತ್ತಿದ್ದರು. ಕೆಲಸದವನು ಡ್ರಾಯರಿನ ಮೇಲೆ ಕೈ ಇಟ್ಟ.

ಗುರುಗಳು ಅಲ್ಲಿಗೆ ನಿಲ್ಲಿಸಿ ಹೊದ್ದ ಶಾಲು ಸರಿಮಾಡಿಕೊಂಡರು. ಶಿಷ್ಯ ತಡೆಯಲಾರದೆ, "ಕೊಟ್ಟನೇ, ಗುರುಗಳೇ?" ಎಂದ.

"ನಾಳೆ ಪ್ರವಚನಕ್ಕೆ ಕೂರುವವನು ನೀನು, ಅದನ್ನು ನಾನು ನಿನ್ನನ್ನು ಕೇಳಬೇಕು."