ಗೋಡೆಯಾಚೆಯಿಂದ ಬಂದ ‘ಬಿಡು’

ಕಣ್ಣಿಗೆ ಕಾಣದೆ ಎಲ್ಲರ ಮನೆಯಲ್ಲೂ ಎಲ್ಲರ ಮನದಲ್ಲೂ ಹರಿಯುತ್ತಿರುವ ಶಿವನೇ, ನಿನಗೆ ಶರಣು. ಹೇಳುವ ನಾಲಗೆಯಲ್ಲಿ ನೀನಿರು. ಕೇಳುವ ಕಿವಿಯಲ್ಲೂ ನೀನೇ ಇರು. ನಡುವೆ ಮಾತು ಕೆಡದಂತೆ ಕಾಪಾಡು.

“ಬುದ್ಧಿ, ‘ಬಿಡು’ ಅಂದರೆ ನಾನು ಏನು ಮಾಡಬೇಕು?”

ಮಠದ ಪಡಸಾಲೆಯಲ್ಲಿ, ಸಂಜೆಯ ಪೂಜೆ ಮುಗಿದ ಮೇಲೆ, ಶಿವಗಂಗಮ್ಮ ಸ್ವಾಮಿಗಳನ್ನು ಹೀಗೆ ಕೇಳಿದಳು.

ಅವಳ ಸಂಗತಿ ಅಲ್ಲಿ ಕೂತಿದ್ದವರಿಗೆ ಗೊತ್ತಿತ್ತು. ಅವಳಿಗೆ ಒಬ್ಬಳೇ ಮಗಳು, ಚಂದ್ರಕಲಾ. ಹೋದ ಮಾಘದಲ್ಲಿ ಮದುವೆಯಾಗಿ ಗಂಡನ ಮನೆಗೆ ಹೋಗಿದ್ದಳು. ಅಂದಿನಿಂದ ಶಿವಗಂಗಮ್ಮನದು ಬೆಳಗಾದರೆ ಫೋನು, ಮಧ್ಯಾಹ್ನವಾದರೆ ಫೋನು. ಎಷ್ಟು ಹೊತ್ತಿಗೆ ಎದ್ದೆ, ಅತ್ತೆ ಏನೆಂದರು, ಅದಕ್ಕೆ ನೀನೇನೆಂದೆ. ಸಾರಿಗೆ ಹುಳಿ ಎಷ್ಟು ಹಾಕಬೇಕೆಂಬುದನ್ನೂ ಇಲ್ಲಿಂದಲೇ ಹೇಳುತ್ತಿದ್ದಳು. ಆ ಮನೆಯಲ್ಲಿ ಇರುಸುಮುರುಸಾಯಿತು. ಮಗಳು ಫೋನಿನಲ್ಲೇ ರೇಗಿದಳು. ಶಿವಗಂಗಮ್ಮ ಮಠಕ್ಕೆ ಬಂದು ಅತ್ತಳು. ಅಂದು ಸ್ವಾಮಿಗಳು ಹೇಳಿದ್ದು ಒಂದೇ ಮಾತು: “ಬಿಡು, ತಾಯಿ.”

ಗುರುವಿನ ಮಾತು. ಅವಳು ಬಿಟ್ಟಳು. ತಾನಾಗಿ ಫೋನು ಮಾಡುವುದನ್ನು ಬಿಟ್ಟಳು. ಮಗಳು ಮಾಡಿದರೆ ಎತ್ತುವುದನ್ನೂ ಬಿಟ್ಟಳು. ಈಗ ಗೌರಿ ಹಬ್ಬ ಹತ್ತಿರ ಬಂದಿತ್ತು. ಮದುವೆಯಾದ ಮೇಲಿನ ಮೊದಲ ಗೌರಿ. ತವರಿನಿಂದ ಮಗಳಿಗೆ ಬಾಗಿನ ಹೋಗಬೇಕು.

“ಮೊರ ತಂದಿಟ್ಟಿದ್ದೀನಿ, ಬುದ್ಧಿ. ಅರಿಸಿನ, ಕುಂಕುಮ, ಬಳೆ, ಎಲ್ಲ ಹೊಂದಿಸಿಟ್ಟಿದ್ದೀನಿ. ಕಳಿಸಿದರೆ ನಿಮ್ಮ ಮಾತು ಮೀರಿದ ಹಾಗೆ. ಕಳಿಸದೆ ಇದ್ದರೆ ಅವಳಿಗೆ ತವರೇ ಇಲ್ಲದ ಹಾಗೆ. ನಿನ್ನೆ ನಮ್ಮ ಪಕ್ಕದ ಮನೆಯವರಿಗೆ ಫೋನು ಮಾಡಿ ಕೇಳಿದಾಳೆ, ನಮ್ಮಮ್ಮನ ಪಾಲಿಗೆ ನಾನು ಇದ್ದೀನೋ ಇಲ್ಲವೋ ಅಂತ. ಹಿಡಿದುಕೊಂಡಾಗ ತಪ್ಪು ಅಂದರು. ಬಿಟ್ಟ ಮೇಲೂ ತಪ್ಪು ಅಂತಾರೆ. ನನಗೆ ತಲೆಬುಡ ತಿಳೀತಿಲ್ಲ.”

ಸ್ವಾಮಿಗಳು ಈ ಕತೆಯನ್ನು ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿಯಿದ್ದ. ಅವನಿಗೆ ಹೆಂಡತಿಯಿದ್ದಳು. ವಯಸ್ಸಾದ ತಾಯಿಯಿದ್ದಳು. ತಾಯಿ ಬಚ್ಚಲಲ್ಲಿ ಜಾರಿ ಬಿದ್ದು, ಸೊಂಟ ಮುರಿದುಕೊಂಡು, ಒಳಕೋಣೆಯ ಮಂಚ ಹಿಡಿದಿದ್ದಳು. ಸಂಜೆ ಟೀವಿಯಲ್ಲಿ ಶಿವಭಜನೆ ಬರುತ್ತಿತ್ತು. ಟೀವಿ ನಡುಮನೆಯಲ್ಲಿತ್ತು. ಆ ಮುದುಕಿ ಬೇರೇನನ್ನೂ ಕೇಳಲಿಲ್ಲ. “ಭಜನೆ ಕಿವಿಗೆ ಬಿದ್ದರೆ ನಾನು ಮನೇಲಿದ್ದೀನಿ ಅನ್ನಿಸುತ್ತೆ ಕಣಪ್ಪ. ಇಲ್ಲದಿದ್ದರೆ ಇನ್ನೂ ಆಸ್ಪತ್ರೇಲೇ ಇದ್ದ ಹಾಗಿರುತ್ತೆ” ಎಂದಳು.

ಮಗ ಒಂದು ಸ್ಪೀಕರ್ ತಂದು ತಾಯಿಯ ತಲೆಯ ಹತ್ತಿರ ಇಟ್ಟ. ಅದರ ತಂತಿಯನ್ನು ನಡುಮನೆಯಿಂದ ನೆಲದ ಮೇಲೆ ಹಾಯಿಸಿದ. ಮೊದಲ ದಿನವೇ ಹೆಂಡತಿ ಅದಕ್ಕೆ ಎಡವಿ ಸಾರಿನ ಪಾತ್ರೆ ಚೆಲ್ಲಿದಳು. ಈ ಮನೆಯಲ್ಲಿ ಇನ್ನೊಂದು ಸೊಂಟ ಮುರಿಯುವುದು ಬೇಡ, ತಂತಿ ಗೋಡೆಯೊಳಗೆ ಹೋಗಲಿ ಎಂದು ತೀರ್ಮಾನವಾಯಿತು.

ಮನೆ ಕಟ್ಟುವಾಗಲೇ ವೈರಿಂಗಿನವನು ಗೋಡೆಯೊಳಗೆ ಎರಡು ಪೈಪು ಹಾಕಿದ್ದ. ಒಂದು ಕರೆಂಟಿನ ತಂತಿಗೆ, ಒಂದು ಟೀವಿಯ ತಂತಿಗೆ. ಎರಡನ್ನೂ ಒಂದರಲ್ಲೇ ತೂರಿಸಿದರೆ ಹಾಡಿನ ನಡುವೆ ದುಂಬಿ ಗುಂಯ್‌ಗುಟ್ಟಿದ ಹಾಗಾಗುತ್ತದೆ. ಟೀವಿಯ ಪೈಪು ಖಾಲಿಯಿತ್ತು. ಮುಂದೆ ಬೇಕಾದಾಗ ಎಳೆಯಲೆಂದು ಬಿಟ್ಟಿದ್ದ ಒಂದು ಗಟ್ಟಿ ತಂತಿ ಮಾತ್ರ ಅದರಲ್ಲಿತ್ತು. ಅದರ ಒಂದು ತುದಿ ನಡುಮನೆಯಲ್ಲಿ ಹೊರಗೆ ಚಾಚಿತ್ತು, ಇನ್ನೊಂದು ತುದಿ ಒಳಕೋಣೆಯಲ್ಲಿ. ಹೊಸ ತಂತಿಯನ್ನು ಈ ತುದಿಗೆ ಕಟ್ಟಿ ಆ ತುದಿಯಿಂದ ಎಳೆದರೆ ಸಾಕು. ಆದರೆ ನಡುವೆ ಗಂಟು ಕಳಚಿಕೊಂಡರೆ, ಇಲ್ಲವೆ ತುದಿ ಕೈತಪ್ಪಿ ಒಳಗೆ ಸೇರಿಕೊಂಡರೆ, ಗೋಡೆ ಒಡೆಯದೆ ಬೇರೆ ದಾರಿಯಿರಲಿಲ್ಲ. ದೇವರ ಗೂಡು ಇದ್ದದ್ದು ಆ ಗೋಡೆಯಲ್ಲೇ.

ವ್ಯಾಪಾರಿ ವೈರಿಂಗಿನವನಿಗೆ ಹೇಳಿಕಳಿಸಿದ. ಅವನು ನಾಳೆ ಬರುತ್ತೇನೆ ಎಂದ. ಮರುದಿನವೂ ನಾಳೆ ಎಂದ. ಒಂದು ತಂತಿ ಎಳೆಯುವುದಕ್ಕೆ ಅವನೇ ಬರಬೇಕೇ ಎಂದು ವ್ಯಾಪಾರಿ ತಾನೇ ಮೆಯಿನ್ ಸ್ವಿಚ್ಚು ಆರಿಸಿದ. ಹೊಸ ತಂತಿಯನ್ನು ಗಟ್ಟಿ ತಂತಿಗೆ ಕಟ್ಟಿದ. ಹೆಂಡತಿಯನ್ನು ನಡುಮನೆಯಲ್ಲಿ ಹೊಸ ತಂತಿಯ ಸುರುಳಿಯ ಮುಂದೆ ಕೂರಿಸಿದ. ತಾನು ಒಳಕೋಣೆಗೆ ಹೋಗಿ ಎಳೆಯಲು ನಿಂತ. ನಡುವೆ ಗೋಡೆ. ಒಬ್ಬರಿಗೊಬ್ಬರು ಕಾಣುವಂತಿರಲಿಲ್ಲ.

ಅವನು ಎಳೆದ. ತಂತಿ ಸರಸರನೆ ಒಳಗೆ ಓಡಿತು. ಹೆಂಡತಿಗೆ ದಿಗಿಲಾಯಿತು. ಎಲ್ಲ ಒಳಗೇ ಹೊರಟುಹೋದರೆ ಏನು ಗತಿ ಎಂದು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು. ತಂತಿ ನಿಂತಿತು.

“ಬಿಡು” ಎಂದು ಅವನು ಗೋಡೆಯಾಚೆಯಿಂದ ಕೂಗಿದ.

ಅವಳು ಬಿಟ್ಟಳು. ಬಿಟ್ಟು, ಎದ್ದು, ಹಾಲು ಕಾಯಿಸುವುದಕ್ಕೆ ಅಡುಗೆಮನೆಗೆ ಹೋದಳು.

ಅವನು ಮತ್ತೆ ಎಳೆದ. ಹಿಡಿಯುವ ಕೈಯಿಲ್ಲದ ಸುರುಳಿ ನೆಲದ ಮೇಲೆ ಹೊರಳಾಡಿತು. ತಿರುಚಿಕೊಂಡು, ಸಿಕ್ಕಾಗಿ, ಪೈಪಿನ ಬಾಯಿಯೊಳಗೆ ಗಂಟುಗಂಟಾಗಿ ತುರುಕಿಕೊಂಡಿತು.

“ಎಳೆದರೂ ಬರ್ತಾ ಇಲ್ಲವಲ್ಲ” ಎಂದು ಅವನು ಗೊಣಗಿದ. ಆ ಮಾತಿನಲ್ಲಿ ಅರ್ಧವನ್ನು ಗೋಡೆ ನುಂಗಿತು. ಅಡುಗೆಮನೆಯಿಂದ ಓಡಿಬಂದ ಹೆಂಡತಿಗೆ ಕೇಳಿಸಿದ್ದು ‘ಎಳೆ’ ಎಂಬುದೊಂದೇ. ಅವಳು ಎಳೆದಳು. ಅವನು ಆಚೆಗೆ ಎಳೆದ. ಅವಳು ಈಚೆಗೆ ಎಳೆದಳು. ತನ್ನ ಮಾತು ಕೇಳಿಯೇ ಅವಳು ಎಳೆಯುತ್ತಿದ್ದಾಳೆಂದು ಅವನಿಗೆ ತಿಳಿಯದು. ಅವನು ಹೇಳದಿದ್ದುದನ್ನು ತಾನು ಮಾಡುತ್ತಿದ್ದೇನೆಂದು ಅವಳಿಗೆ ತಿಳಿಯದು.

ಮಂಚದ ಮೇಲಿದ್ದ ತಾಯಿ ತಂತಿ ಹಿಂದಕ್ಕೂ ಮುಂದಕ್ಕೂ ಹೋಗಿಬರುವುದನ್ನು ನೋಡುತ್ತಿದ್ದಳು. “ಏನಪ್ಪಾ, ಗೋಡೆ ಕಡೆದು ಬೆಣ್ಣೆ ತೆಗೀತೀರಾ?” ಎಂದಳು.

ವ್ಯಾಪಾರಿ ನಡುಮನೆಗೆ ಬಂದು ಪೈಪಿನ ಬಾಯಿ ನೋಡಿದ. ಮುಖ ಕೆಂಪಾಯಿತು.

“ನಿನಗೆ ಬಿಡು ಅಂದರೆ ಎಲ್ಲಿಗೆ ಹೋಗಿದ್ದೆ?”

“ಬಿಡು ಅಂದಿರಿ, ಬಿಟ್ಟೆ.”

“ಬಿಡೋದು ಅಂದರೆ ಬಿಟ್ಟು ಹೋಗೋದಾ?”

“ಮದುವೆಯಾಗಿ ಬಂದಾಗಿನಿಂದ ನೀವು ‘ಬಿಡು’ ಅಂದಾಗೆಲ್ಲ ಎದ್ದು ಒಳಕ್ಕೆ ಹೋಗಿದ್ದೀನಿ. ಅಂಗಡಿ ಮಾತು ಕೇಳಿದರೆ ಬಿಡು, ತಂಗಿ ಮದುವೆ ಮಾತು ಎತ್ತಿದರೆ ಬಿಡು. ಇವತ್ತು ಮಾತ್ರ ಅದಕ್ಕೆ ಬೇರೆ ಅರ್ಥ ಬಂದಿದೆ ಅಂತ ಈ ಗೋಡೆ ಬಂದು ಹೇಳಬೇಕಿತ್ತಾ?”

ಅವನು, ಇನ್ನು ಉಳಿದದ್ದು ಗೋಡೆ ಒಡೆಯಲು ಹಾರೆ ತರುವುದೊಂದೇ ಎಂದು ಹಿತ್ತಲಿನ ಕಡೆ ಹೊರಟ. ಹೆಂಡತಿ ದೇವರ ಗೂಡಿಗೆ ಬೆನ್ನು ಕೊಟ್ಟು ಅಡ್ಡ ನಿಂತಳು.

ಆಗ ಒಳಕೋಣೆಯಿಂದ ತಾಯಿ ಸೊಸೆಯನ್ನು ಕರೆದಳು. “ಇಲ್ಲಿ ಬಾ ತಾಯಿ. ನಲ್ಲಿ ಬರೋದಕ್ಕೆ ಮುಂಚೆ ನೀನು ಬಾವಿಗೆ ಕೊಡ ಬಿಡ್ತಿದ್ದೆಯಲ್ಲ, ಆಗ ಹಗ್ಗಾನೂ ಬಿಟ್ಟುಬಿಡ್ತಿದ್ದೆಯಾ?”

“ಹಗ್ಗ ಬಿಟ್ಟರೆ ಕೊಡ ಎಲ್ಲಿ ಉಳೀತದೆ ಅತ್ತೆ, ಬಾವಿ ಪಾಲು.”

“ಸರಿ, ಬಿಗಿಯಾಗಿ ಹಿಡಿದರೆ?”

“ಕೊಡ ಇಳಿಯೋದೇ ಇಲ್ಲ.”

“ಹಾಗಾದರೆ ಕೊಡ ಬಿಡೋದು ಹೇಗೆ?”

ಸೊಸೆಯ ಎರಡು ಕೈ ತಾವಾಗಿ ಮುಂದೆ ಬಂದವು. ಇಲ್ಲದ ಹಗ್ಗವೊಂದು ಆ ಕೈಗಳೊಳಗಿಂದ ನಿಧಾನವಾಗಿ ಜಾರತೊಡಗಿತು. ಅವಳು ತನ್ನ ಕೈಯನ್ನು ತಾನೇ ನೋಡಿದಳು. ನೋಡಿ, ನಡುಮನೆಗೆ ಹೋಗಿ ಸುರುಳಿಯ ಮುಂದೆ ಕೂತಳು.

ಮೊದಲು ಸಿಕ್ಕನ್ನು ಬಿಡಿಸಬೇಕಿತ್ತು. ಅದಕ್ಕೆ ತಂತಿ ಈಚೆಗೆ ಬರಬೇಕು. ಈಗ ಎಳೆಯುವವಳು ಅವಳು.

“ಈಗ ನೀವು ಬಿಡಿ” ಎಂದಳು.

ತಾಯಿಯ ಮಾತು ಕೇಳಿ ಹಿತ್ತಲಿನಿಂದ ಮರಳಿದ್ದ ವ್ಯಾಪಾರಿ ಗೋಡೆಯಾಚೆ ಗಟ್ಟಿ ತಂತಿಯ ತುದಿ ಹಿಡಿದು ನಿಂತಿದ್ದ. ಅವನ ಕೈ ಸಡಿಲವಾಗಲಿಲ್ಲ. ಬಿಟ್ಟರೆ ತುದಿ ಒಳಗೆ ಹೋಗುತ್ತದೆ. ಹೋದರೆ ಗೋಡೆಯೂ ಹೋಯಿತು, ಗೂಡೂ ಹೋಯಿತು, ತಾಯಿಯ ಭಜನೆಯೂ ಹೋಯಿತು. ಇಷ್ಟು ವರ್ಷ ಅವಳಿಗೆ ಹೇಳುತ್ತಿದ್ದ ಮಾತು ಇಷ್ಟು ಭಾರ ಎಂದು ಅವನಿಗೆ ಗೊತ್ತಿರಲಿಲ್ಲ.

“ಬಿಡಲೋ ಬೇಡವೋ?” ಎಂದು ಕೇಳಿದ.

“ಕೈ ಸಡಿಲ ಮಾಡಿ. ಕೈ ತೆಗೀಬೇಡಿ.”

ಅವನು ಸಡಿಲ ಮಾಡಿದ. ತಂತಿ ಅವನ ಕೈಯೊಳಗೇ ಜಾರಿ ಒಳಗೆ ಹೋಯಿತು. ತುದಿ ಮಾತ್ರ ಕೈಯಲ್ಲೇ ಉಳಿಯಿತು. ಆಚೆ ಸಿಕ್ಕು ಹೊರಗೆ ಬಂತು. ಅವಳು ಅದನ್ನು ಬಿಡಿಸಿ ನೇರ ಮಾಡಿದಳು. ಆಮೇಲೆ ಅವನು ಎಳೆದ, ಅವಳು ಬಿಟ್ಟಳು. ಅವನು ನಿಲ್ಲಿಸಿದಾಗ ಅವಳ ಕೈಗೆ ತಿಳಿಯಿತು. ಅವಳು ತಡೆದಾಗ ಅವನ ಕೈಗೆ ತಿಳಿಯಿತು. ಆಮೇಲೆ ಆ ಗೋಡೆಯ ಎರಡೂ ಕಡೆ ಯಾರೂ ಕೂಗಲಿಲ್ಲ.

ಸಂಜೆ ಒಳಕೋಣೆಯಲ್ಲಿ ಭಜನೆ ಕೇಳಿಸಿತು. ತಾಯಿ ಕಣ್ಣು ಮುಚ್ಚಿ ಕೇಳಿದಳು. ಮುಗಿದ ಮೇಲೆ ಮಗನನ್ನು ಕರೆದು, “ಇನ್ನು ಸದ್ದು ಸ್ವಲ್ಪ ಸಣ್ಣ ಮಾಡಪ್ಪ, ಸೊಸೆ ಹತ್ತಿರ ಮಾತಾಡಬೇಕು” ಎಂದಳು.

ಸ್ವಾಮಿಗಳು ಕತೆ ನಿಲ್ಲಿಸಿದರು.

ಶಿವಗಂಗಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೂತಿದ್ದಳು. ಅವಳ ಮುಖದಲ್ಲಿ ಗೊಂದಲ ಇನ್ನೂ ಹೋಗಿರಲಿಲ್ಲ.

“ಆ ಹೆಂಗಸಿಗೆ ಬಾವಿಯ ಹಗ್ಗ ನೆನಪಾಯಿತು ಬುದ್ಧಿ, ಅವಳು ಪುಣ್ಯವಂತೆ. ನನ್ನ ಕೈಯಲ್ಲಿ ಈಗ ಹಗ್ಗವೂ ಇಲ್ಲ, ತಂತಿಯೂ ಇಲ್ಲ. ಮಗಳು ಗೋಡೆಯಾಚೆ ಇದ್ದಾಳೆ. ಅಲ್ಲಿ ಏನಾಗ್ತಿದೆಯೋ ನನಗೆ ಹೇಗೆ ಗೊತ್ತಾಗಬೇಕು?”

ಸ್ವಾಮಿಗಳು ಮೆಲ್ಲಗೆ ಹೇಳಿದರು:

“ಅವಳು ಅಲ್ಲಿಂದ ಎಳೆಯುತ್ತಲೇ ಇದ್ದಾಳೆ, ತಾಯಿ. ನಾನು ಬಿಡು ಎಂದಾಗ ನೀನು ಕೈಯನ್ನೇ ಏಕೆ ತೆಗೆದೆ?”

ಶಿವಗಂಗಮ್ಮನ ಬೆರಳಿಗೆ ಸುತ್ತಿದ್ದ ಸೆರಗು ತಾನಾಗಿ ಬಿಚ್ಚಿಕೊಂಡಿತು.

ಇದನ್ನು ಕೇಳಿದ ಎಲ್ಲರಿಗೂ ಶಿವನು ಒಳ್ಳೆಯದು ಮಾಡಲಿ. ಬಿಗಿದ ಕೈಗಳು ಸಡಿಲವಾಗಲಿ. ಸಡಿಲವಾದ ಕೈಗಳು ಕಳಚದಿರಲಿ. ತವರಿನಿಂದ ಹೊರಟ ಬಾಗಿನ ಹಬ್ಬಕ್ಕೆ ಮುಂಚೆಯೇ ಮಗಳ ಮನೆ ತಲುಪಲಿ.