ಬೊಮ್ಮಣ್ಣನ ಕಾರು ಹೊತ್ತ ಕಾಣಿಕೆಗಳು

ಒಂದು ಕಾಡಿನಲ್ಲಿ ಒಂದೇ ಒಂದು ಕಾರಿತ್ತು. ಅದು ಬೊಮ್ಮಣ್ಣನೆಂಬ ಕರಡಿಯ ಕಾರು. ಅದರ ಬಾಗಿಲು ಮುಚ್ಚಬೇಕಾದರೆ ಒಳಗಿನಿಂದ ಒಬ್ಬರು ಎಳೆಯಬೇಕು, ಹೊರಗಿನಿಂದ ಒಬ್ಬರು ಒದೆಯಬೇಕು. ಆದರೂ ಇಡೀ ಕಾಡಿಗೆ ಅದೇ ಆಂಬುಲೆನ್ಸು. ಯಾರಿಗೆ ಹುಷಾರು ತಪ್ಪಿದರೂ ಬೊಮ್ಮಣ್ಣ ಅವರನ್ನು ಗುಡ್ಡದಾಚೆಯ ಕೊಕ್ಕರೆ ಡಾಕ್ಟರ ಬಳಿಗೆ ಕರೆದೊಯ್ಯುತ್ತಿದ್ದ. ಬಾಡಿಗೆ ಕೇಳುತ್ತಿರಲಿಲ್ಲ. ಕಾಡಂಚಿನಲ್ಲಿ ಆನೆ ದೊಡ್ಡಮ್ಮನ ಪೆಟ್ರೋಲ್ ಬಂಕ್ ಇತ್ತು. ಬೊಮ್ಮಣ್ಣ ತಾನು ಕೂಡಿಟ್ಟ ಜೇನುತುಪ್ಪ ಕೊಟ್ಟರೆ ಆಕೆ ಟ್ಯಾಂಕಿಗೆ ಪೆಟ್ರೋಲ್ ಹಾಕುತ್ತಿದ್ದಳು.

ಉಪಕಾರ ಪಡೆದವರು ಸುಮ್ಮನಿರುತ್ತಾರೆಯೇ? ಜ್ವರ ವಾಸಿಯಾದ ಮುಳ್ಳುಹಂದಿ ದೊಡ್ಡ ದೊಡ್ಡ ಹಲಸಿನ ಹಣ್ಣು ತಂದು ಕಾರಿನ ಮೇಲಿನ ಕ್ಯಾರಿಯರ್‌ಗೆ ಕಟ್ಟಿದ. ಕಾಡುಹಂದಿಯ ಮನೆಯವರು ಡಿಕ್ಕಿಯಲ್ಲಿ ಒಂದು ರುಬ್ಬುಗುಂಡು ಇಟ್ಟರು. ಕೋತಿಗಳು ಒಂದು ಹೊರೆ ಸೌದೆ ತಂದವು. ರುಬ್ಬುಗುಂಡು ಕರಡಿಗೆ ಏಕೆ ಎಂದು ಯಾರೂ ಕೇಳಲಿಲ್ಲ.

“ಪ್ರೀತಿಯಿಂದ ಕೊಟ್ಟಿದ್ದಾರೆ. ಇಳಿಸಿಬಿಟ್ಟರೆ ಅವರ ಮನಸ್ಸು ನೋಯುತ್ತೆ” ಎನ್ನುತ್ತಿದ್ದ ಬೊಮ್ಮಣ್ಣ. ಹೋದಲ್ಲಿಗೆಲ್ಲ ಅವನ್ನು ಹೊತ್ತುಕೊಂಡೇ ಹೋಗುತ್ತಿದ್ದ.

ಆ ವರ್ಷ ಬೇಸಿಗೆ ಜೋರಾಯಿತು. ಹೂಗಳು ಬಾಡಿದವು. ಬೊಮ್ಮಣ್ಣನ ಬಳಿ ಒಂದೇ ಗಡಿಗೆ ಜೇನು ಉಳಿಯಿತು. ಅದೇ ಹೊತ್ತಿಗೆ ಜಿಂಕೆ ಚಿತ್ರಕ್ಕನ ಮರಿ ಚುಕ್ಕಿ ಗುಂಡಿಗೆ ಬಿದ್ದು ಕಾಲು ಮುರಿದುಕೊಂಡಳು.

ಕೊಕ್ಕರೆ ಡಾಕ್ಟರು ಪಟ್ಟಿ ಕಟ್ಟಿ ಹೇಳಿದರು: “ಮಳೆ ಬೀಳುವವರೆಗೂ ವಾರಕ್ಕೊಮ್ಮೆ ಕರೆದುಕೊಂಡು ಬನ್ನಿ. ತಪ್ಪಿಸಿದರೆ ಕಾಲು ಸೊಟ್ಟಗೆ ಕೂಡುತ್ತೆ. ಆಮೇಲೆ ಈ ಮಗು ಓಡೋ ಹಾಗಿಲ್ಲ.”

ಬೊಮ್ಮಣ್ಣ ಗಡಿಗೆ ನೋಡಿದ. ಕಾರು ನೋಡಿದ. ಕಾರು ಗಟಗಟ ಪೆಟ್ರೋಲ್ ಕುಡಿಯುತ್ತಿತ್ತು. ಮಳೆಗಾಲದವರೆಗೆ ಈ ಜೇನು ಸಾಲದೆಂದು ಅವನಿಗೆ ಗೊತ್ತಾಯಿತು. ರಾತ್ರಿ ನಿದ್ದೆ ಬರಲಿಲ್ಲ.

ಇದನ್ನು ಮೂಸಿಕೊಂಡೇ ಬಂದ ಪುನುಗಪ್ಪನೆಂಬ ಪುನುಗು ಬೆಕ್ಕು. ಅವನ ಕೈಯಲ್ಲೊಂದು ಸಣ್ಣ ಬಾಟಲಿ. ಮುಚ್ಚಳ ತೆಗೆದರೆ ಘಮಘಮ.

“ಅಣ್ಣಾ, ಇದು ಮೈಲೇಜ್ ಮದ್ದು. ಟ್ಯಾಂಕಿಗೆ ಎರಡು ಹನಿ ಬಿಟ್ಟರೆ ನಿನ್ನ ಕಾರು ಕುಡಿಯೋದನ್ನೇ ಮರೆತುಬಿಡುತ್ತೆ. ಬೇರೆಯವರಿಗಾದರೆ ಒಂದು ಗಡಿಗೆ ಜೇನು. ನಿನಗೆ ಅರ್ಧ ಗಡಿಗೆ ಸಾಕು.”

ಚುಕ್ಕಿಯ ಮುಖ ನೆನೆದು ಬೊಮ್ಮಣ್ಣ ಅರ್ಧ ಗಡಿಗೆ ಜೇನು ಕೊಟ್ಟುಬಿಟ್ಟ. ಪುನುಗಪ್ಪ ಅದನ್ನು ಅಲ್ಲೇ ನಿಂತು ಕುಡಿದು, ಮೀಸೆ ನೆಕ್ಕಿಕೊಂಡ.

“ಇನ್ನೊಂದು ಉಪಾಯ ಪುಕ್ಕಟೆ ಹೇಳ್ತೀನಿ” ಎಂದ. “ಇಳಿಜಾರು ಬಂದ ಕೂಡಲೇ ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ಗೆ ಹಾಕು. ಕಾರು ತಾನೇ ಜಾರಿಕೊಂಡು ಹೋಗುತ್ತೆ.”

“ಅಪಾಯ ಅಲ್ಲವೇನಪ್ಪಾ?”

“ಹೆದರಬೇಡ, ನಾನೂ ಬರ್ತೀನಿ. ಮದ್ದು ಕೆಲಸ ಮಾಡಬೇಕಾದರೆ ಮದ್ದು ಕೊಟ್ಟವನು ಜೊತೆಗಿರಬೇಕು.”

ಅವನ ಕಣ್ಣಿದ್ದದ್ದು ಕ್ಯಾರಿಯರ್ ಮೇಲಿನ ಹಲಸಿನ ಹಣ್ಣಿನ ಮೇಲೆ. ಬೊಮ್ಮಣ್ಣ ಟ್ಯಾಂಕಿಗೆ ಎರಡು ಹನಿ ಬಿಟ್ಟು ಕಾರು ಹೊರಡಿಸಿದಾಗ, ಅವನು ಉಳಿದ ಮದ್ದಿನ ಬಾಟಲಿ ಹಿಡಿದುಕೊಂಡು ಹಣ್ಣುಗಳ ನಡುವೆ ಆರಾಮವಾಗಿ ಕುಳಿತು ತೊಳೆ ಬಿಡಿಸತೊಡಗಿದ. ಬೊಮ್ಮಣ್ಣ ಚಿತ್ರಕ್ಕನನ್ನೂ ಚುಕ್ಕಿಯನ್ನೂ ಡಾಕ್ಟರ ಬಳಿ ಕರೆದೊಯ್ದು ತೋರಿಸಿದ. ಹಿಂತಿರುಗುವಾಗ ಗುಡ್ಡದ ತುದಿಯಲ್ಲಿ ಎಂಜಿನ್ ಆಫ್ ಮಾಡಿದ.

ಕಾರು ಮೊದಲು ಮೆಲ್ಲಗೆ ಜಾರಿತು. ಆಮೇಲೆ ಜೋರಾಗಿ ಜಾರಿತು. ರುಬ್ಬುಗುಂಡು ಹಿಂದಿನಿಂದ ನೂಕುವಂತಿತ್ತು. ಬೊಮ್ಮಣ್ಣ ಬ್ರೇಕು ತುಳಿದ. ಅಷ್ಟು ಭಾರಕ್ಕೆ ಬ್ರೇಕು ಹಿಡಿಯಲಿಲ್ಲ. ಕೆಳಗೆ ಕೆರೆ ಬಾಯಿ ತೆರೆದುಕೊಂಡಿತ್ತು.

“ಅಮ್ಮಾ!” ಎಂದು ಚುಕ್ಕಿ ಕಿರುಚಿದಳು. ಚಿತ್ರಕ್ಕ ಮಗಳನ್ನು ಅವಚಿಕೊಂಡಳು. ಬೊಮ್ಮಣ್ಣ ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಸ್ಟೇರಿಂಗ್ ತಿರುಗಿಸಿದ. ಕಾರು ಒಂದು ಹುತ್ತಕ್ಕೆ ಗುದ್ದಿ, ಕೆರೆಯ ಅಂಚಿನಲ್ಲಿ ನಿಂತಿತು. ಒಳಗಿದ್ದವರಿಗೆ ಏನೂ ಆಗಲಿಲ್ಲ.

ಮೇಲಿದ್ದದ್ದೆಲ್ಲ ಹಾರಿಹೋಯಿತು. ಹಗ್ಗ ಹರಿದು ಸೌದೆ ಚೆಲ್ಲಿತು. ಡಿಕ್ಕಿ ತೆರೆದುಕೊಂಡು ರುಬ್ಬುಗುಂಡು ಉರುಳುತ್ತಾ ಹೋಗಿ ಕೆರೆಗೆ ಬಿತ್ತು. ಪುನುಗಪ್ಪ ಹುಲ್ಲಿನ ಮೇಲೆ ಬಿದ್ದ, ಅವನ ಮೇಲೆ ಹಲಸಿನ ಹಣ್ಣುಗಳು ಬಿದ್ದು ಒಡೆದವು. ಮೂತಿಯಿಂದ ಬಾಲದವರೆಗೆ ಹಲಸಿನ ಮೇಣ. ಬಾಟಲಿ ಚೂರುಚೂರು. ಚಿತ್ರಕ್ಕ ಹತ್ತಿರ ಹೋಗಿ ಮೂಸಿದಳು.

“ಇದು ಬರೀ ಹೊಂಡದ ನೀರು. ಪರಿಮಳ ಮಾತ್ರ ನಿನ್ನದೇ ಅಲ್ಲವೇನೋ?”

ಪುನುಗಪ್ಪ ಏನೋ ಹೇಳಹೊರಟ. ಮೇಣ ಬಾಯಿ ತೆರೆಯಲು ಬಿಡಲಿಲ್ಲ. ಅವನು ಸುಮ್ಮನಿದ್ದದ್ದು ಅದೇ ಮೊದಲು.

ಬೊಮ್ಮಣ್ಣನಿಗೆ ಅಳು ಬಂತು. ಅರ್ಧ ಗಡಿಗೆ ಜೇನು ಹೋಯಿತು. ಪೆಟ್ರೋಲ್ ಮುಳ್ಳು ಕೆಂಪು ಗೆರೆಯ ಹತ್ತಿರ ಬಂದಿತ್ತು. ಮುಂದೆ ಇನ್ನೊಂದು ಏರು ಬಾಕಿ. ಪುನುಗಪ್ಪನನ್ನೂ ಹಿಂದಿನ ಸೀಟಿಗೆ ಅಂಟಿಸಿಕೊಂಡು, ದೇವರ ಮೇಲೆ ಭಾರ ಹಾಕಿ ಕಾರು ಹೊರಡಿಸಿದ.

ಕಾರು ಸಲೀಸಾಗಿ ಏರು ಹತ್ತಿತು! ಮನೆ ತಲುಪಿದರೂ ಮುಳ್ಳು ಹೆಚ್ಚುಕಡಿಮೆ ಅಲ್ಲೇ ಇತ್ತು. ಬೊಮ್ಮಣ್ಣ ಕಣ್ಣುಜ್ಜಿಕೊಂಡು ನೋಡಿದ.

ಚಿತ್ರಕ್ಕ ಹೇಳಿದಳು: “ಅಣ್ಣಾ, ಕಷ್ಟಕಾಲದಲ್ಲಿ ನೀವು ನಮ್ಮನ್ನು ಹೊತ್ತಿರಿ. ನಮ್ಮ ಕೊನೆಯ ಉಸಿರಿರೋವರೆಗೂ ಮರೆಯಲ್ಲ. ಆದರೆ ನಾವು ಕೊಟ್ಟಿದ್ದನ್ನೂ ಯಾಕೆ ಹೊತ್ತು ತಿರುಗ್ತೀರಿ?”

ವಿಷಯ ಕಾಡಿಗೆಲ್ಲ ಹಬ್ಬಿತು. ಮುಳ್ಳುಹಂದಿಗೆ ನಾಚಿಕೆಯಾಯಿತು. ಕಾಡುಹಂದಿ ರುಬ್ಬುಗುಂಡಿನ ಮಾತನ್ನೇ ಎತ್ತಲಿಲ್ಲ. ಎಲ್ಲರೂ ಸೇರಿ ಮಾತಾಡಿಕೊಂಡರು. ಸಣ್ಣಪುಟ್ಟ ನೆಗಡಿಯವರು ನಡೆದೇ ಹೋಗಬೇಕು. ನಡೆಯಲಾಗದವರೆಲ್ಲ ಚುಕ್ಕಿಯ ಜೊತೆ ಒಂದೇ ದಿನ ಹೋಗಬೇಕು.

ದೊಡ್ಡಮ್ಮ ಟೈರು ಒತ್ತಿ ನೋಡಿ, “ಗಾಳಿ ಇಳಿದ ಟೈರೂ ಪೆಟ್ರೋಲ್ ಕುಡಿಯುತ್ತೆ ಮಗಾ” ಎಂದಳು. ಎಣ್ಣೆ ಹಚ್ಚಿ ಪುನುಗಪ್ಪನ ಮೇಣ ಬಿಡಿಸಿದವಳೂ ಅವಳೇ. ಮೇಣದ ಜೊತೆ ಅರ್ಧ ಕೂದಲೂ ಬಂತು. ಕುಡಿದ ಜೇನು ವಾಪಸು ಕೊಡಲಾಗದ ಪುನುಗಪ್ಪ ದಿನಾ ಬೆಳಿಗ್ಗೆ ಪಂಪು ತುಳಿದು ಟೈರಿಗೆ ಗಾಳಿ ತುಂಬಿಸಬೇಕಾಯಿತು. ಬೋಳು ಮೈಯಲ್ಲಿ ಏದುಸಿರು ಬಿಡುವ ಅವನನ್ನು ನೋಡಲು ಮಂಗಗಳು ಬೇಗ ಏಳುತ್ತಿದ್ದವು.

ಉಳಿದ ಅರ್ಧ ಗಡಿಗೆ ಜೇನು ಮೊದಲ ಮಳೆಯವರೆಗೂ ಬಂತು. ಒಂದು ವಾರವೂ ತಪ್ಪಲಿಲ್ಲ.

ಮಳೆ ಬಿದ್ದ ಮಾರನೆಯ ದಿನ ಬೊಮ್ಮಣ್ಣ ಎಂದಿನಂತೆ ಕಾರು ಸ್ಟಾರ್ಟ್ ಮಾಡಿ ಕಾಯುತ್ತಿದ್ದ. ಚುಕ್ಕಿ ಬಂದಳು.

“ಮಾವಾ, ನಿನಗೊಂದು ಕಾಣಿಕೆ ತಂದಿದ್ದೀನಿ.”

ಬೊಮ್ಮಣ್ಣ ಗಾಬರಿಯಿಂದ ಕ್ಯಾರಿಯರ್ ಕಡೆ ನೋಡಿದ. “ಬೇಡ ಕಂದಾ, ಕೈ ಮುಗೀತೀನಿ!”

“ಇವತ್ತು ನಾನು ಕಾರು ಹತ್ತಲ್ಲ ಮಾವ. ನಡೆದೇ ಹೋಗ್ತೀನಿ. ಅದೇ ಕಾಣಿಕೆ.”

ಹಾಗೆಂದು ಚುಕ್ಕಿ ಗುಡ್ಡದ ಕಡೆ ಒಂದು ನೆಗೆತ ನೆಗೆದಳು. ನಡೆಯುತ್ತೇನೆ ಎಂದವಳು ಓಡಿಯೇಬಿಟ್ಟಳು. ಚಿತ್ರಕ್ಕ ಬೊಮ್ಮಣ್ಣನಿಗೆ ಕೈ ಮುಗಿದು ಮಗಳ ಹಿಂದೆ ಓಡಿದಳು. ಬೊಮ್ಮಣ್ಣ ಎಂಜಿನ್ ಆಫ್ ಮಾಡಿದ. ಅವರಿಬ್ಬರೂ ಗುಡ್ಡ ದಾಟುವವರೆಗೂ ತುಂಬಿದ ಕಣ್ಣುಗಳಿಂದ ನೋಡುತ್ತಾ ನಿಂತ.

ನೀತಿ: ಬೇಡದ ಹೊರೆ ಇಳಿಸಿದರೆ ಉಳಿತಾಯ ತಾನಾಗಿ ಬರುತ್ತದೆ, ಮಾಯಾಮದ್ದನ್ನು ನಂಬಿದರೆ ಇದ್ದದ್ದೂ ಹೋಗುತ್ತದೆ, ಉಪಕಾರ ಮಾಡಿದವರ ಭಾರ ಕಡಿಮೆ ಮಾಡುವುದೇ ನಿಜವಾದ ಕೃತಜ್ಞತೆ.