ಒಂದು ಹೊಳೆ, ಎರಡು ಬೆಲೆ

“ಗುರುಗಳೇ, ಹೊರದೇಶದಿಂದ ತರಿಸಿದ ಒಂದೇ ಬಗೆಯ ಮೋಟಾರ್ ಸೈಕಲ್ಲು ಒಂದು ದೇಶದಲ್ಲಿ ಅಗ್ಗ, ಪಕ್ಕದ ದೇಶದಲ್ಲಿ ಎರಡೂವರೆ ಪಟ್ಟು ದುಬಾರಿ. ಕಬ್ಬಿಣ ಅದೇ, ಚಕ್ರವೂ ಎರಡೇ. ಹೀಗೇಕೆ?” ಎಂದು ಶಿಷ್ಯ ಕೇಳಿದ.

ಎಲ್ಲವನ್ನೂ ಬಿಟ್ಟು ಮಠಕ್ಕೆ ಬಂದವನಿಗೆ ಮೋಟಾರ್ ಸೈಕಲ್ಲಿನ ಬೆಲೆ ಏಕೆ ಬೇಕಾಯಿತು ಎಂದು ಗುರುಗಳು ಕೇಳಲಿಲ್ಲ. ಬಿಸಿಲು ಇಳಿಯಲು ಇನ್ನೂ ಹೊತ್ತಿತ್ತು. ಅವರು ಈ ಕತೆ ಹೇಳಿದರು.

ಒಂದು ಹೊಳೆ. ಅದರ ಎರಡು ದಂಡೆಗಳಲ್ಲಿ ಎರಡು ದೇಶಗಳು. ಬಲದಂಡೆಯ ದೇಶದಲ್ಲಿ ಒಬ್ಬ ಅಂಚೆಯವನಿದ್ದ. ಹದಿನೆಂಟು ವರ್ಷ ಅವನು ಬೆಟ್ಟದ ಮೇಲಿನ ಊರುಗಳಿಗೆ ಟಪಾಲು ಚೀಲ ಹೊತ್ತು ನಡೆದಿದ್ದ. ಒಂದು ದಿನ ಆದೇಶ ಬಂತು. ಬೆಟ್ಟದವರಿಗೆ ಕಾಗದಗಳು ತಡವಾಗಿ ಮುಟ್ಟುತ್ತಿವೆ. ಆದ್ದರಿಂದ ನಲವತ್ತು ದಿನ ಕಳೆದ ಮೇಲೆ ಅಲ್ಲಿನ ಟಪಾಲನ್ನು, ಬೆಟ್ಟ ಹತ್ತಬಲ್ಲ ಮೋಟಾರ್ ಸೈಕಲ್ಲು ಇದ್ದವನಿಗೆ ಮಾತ್ರ ಕೊಡಲಾಗುವುದು. ಆದೇಶವೂ ಟಪಾಲಿನಲ್ಲೇ ಬಂದದ್ದರಿಂದ ಅದು ಅವನ ಕೈ ಸೇರುವಾಗ ಎರಡು ದಿನ ಕಳೆದಿತ್ತು.

ಅವನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಹೆಂಡತಿ ಇದ್ದಳು, ಒಬ್ಬ ಮಗಳಿದ್ದಳು.

ಅವನ ದೇಶದಲ್ಲಿ ಒಂದು ಮೋಟಾರ್ ಸೈಕಲ್ ಕಾರ್ಖಾನೆ ಇತ್ತು. ಅಲ್ಲಿ ತಯಾರಾದ ಗಾಡಿ ಬಯಲಿನಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಬೆಟ್ಟದ ಮೂರನೆಯ ತಿರುವಿನಲ್ಲಿ ನಿಂತುಬಿಡುತ್ತಿತ್ತು. ಸವಾರರಿಗೆ ತೊಂದರೆಯಾಗಬಾರದೆಂದು ಅರಸ ಆ ತಿರುವಿನಲ್ಲಿ ಒಂದು ಕಲ್ಲುಬೆಂಚು ಹಾಕಿಸಿದ್ದ. ಆ ಗಾಡಿಯ ಬೆಲೆ ಇನ್ನೂರ ನಲವತ್ತು ನಾಣ್ಯ.

ಸಮುದ್ರದಾಚೆಯಿಂದ ಬರುತ್ತಿದ್ದ ಗಾಡಿ ಮಾತ್ರ ಬೆಟ್ಟವನ್ನು ಒಂದೇ ಉಸಿರಿಗೆ ಹತ್ತುತ್ತಿತ್ತು. ಅದನ್ನು ಮಾರುವ ವರ್ತಕ ಒಬ್ಬನೇ; ಅವನಿಗೆ ಎರಡೂ ದಂಡೆಗಳಲ್ಲಿ ಅಂಗಡಿ ಇತ್ತು. ಎಡದಂಡೆಯ ಅಂಗಡಿಯಲ್ಲಿ ಬೆಲೆ ನೂರು ನಾಣ್ಯ. ಬಲದಂಡೆಯ ಅಂಗಡಿಯಲ್ಲಿ ಇನ್ನೂರ ಐವತ್ತು. ಅಂಚೆಯವನ ಬಳಿ ಇದ್ದದ್ದು ನೂರ ಹತ್ತು. ಅವನು ವರ್ತಕನ ಹತ್ತಿರ ಹೋಗಿ, ನೀನು ಕೇಳಿದ ಪ್ರಶ್ನೆಯನ್ನೇ ಕೇಳಿದ.

“ಆ ದಂಡೆಯಲ್ಲಿ ನಾನು ಮೋಟಾರ್ ಸೈಕಲ್ಲು ಮಾರುತ್ತೇನೆ,” ಎಂದ ವರ್ತಕ. “ಈ ದಂಡೆಯಲ್ಲಿ ಮೋಟಾರ್ ಸೈಕಲ್ಲಿನ ಜೊತೆಗೆ ಒಂದು ಕಾರ್ಖಾನೆಯನ್ನೂ ಮಾರುತ್ತೇನೆ. ಅದನ್ನು ನೀವು ಮನೆಗೆ ಒಯ್ಯುವಂತಿಲ್ಲ, ಅಷ್ಟೆ.”

ಆಮೇಲೆ ಬಿಡಿಸಿ ಹೇಳಿದ. ಎಡದಂಡೆಯಲ್ಲಿ ಕಾರ್ಖಾನೆ ಇಲ್ಲ, ಸುಂಕವೂ ಇಲ್ಲ. ಬಲದಂಡೆಯಲ್ಲಿ ಕಾರ್ಖಾನೆ ಶುರುವಾದಾಗ ಅದರ ಮಾಲೀಕ ಅರಸನಲ್ಲಿ ಕೇಳಿಕೊಂಡಿದ್ದ: ನಮ್ಮವರು ಇನ್ನೂ ಕಲಿಯುತ್ತಿದ್ದಾರೆ, ಹೊರಗಿನ ಗಾಡಿಯ ಮೇಲೆ ಐದು ವರ್ಷ ಸುಂಕ ಹಾಕಿ. ಅರಸ ಬೆಲೆಯ ಒಂದೂವರೆ ಪಟ್ಟು ಸುಂಕ ಹಾಕಿದ. ಐದು ವರ್ಷ ಕಳೆದಾಗ ಅವರು ಇನ್ನೂ ಕಲಿಯುತ್ತಿದ್ದರು. ಈಗ ನಡೆಯುತ್ತಿರುವುದು ಐದನೆಯ ಐದು ವರ್ಷ.

ಅಂಚೆಯವನು ಕಾನೂನಿನ ಪುಸ್ತಕ ತರಿಸಿ ಓದಿದ. ಸುಂಕ ಇದ್ದದ್ದು ಮೋಟಾರ್ ಸೈಕಲ್ಲಿಗೆ. ಕಬ್ಬಿಣದ ತುಂಡಿಗೆ ಒಂದು ಕಾಸು ಮಾತ್ರ. ಅವನು ಎಡದಂಡೆಗೆ ಹೋಗಿ ಗಾಡಿ ಕೊಂಡ. ವರ್ತಕನ ಹಿತ್ತಲಲ್ಲಿ ಕುಳಿತು ಅದನ್ನು ತನ್ನ ಕೈಯಿಂದಲೇ ಬಿಚ್ಚಿದ. ಮೂವತ್ತೊಂದು ಭಾಗಗಳಾದವು. ದಿನಕ್ಕೊಂದರಂತೆ ದೋಣಿಯಲ್ಲಿ ತರುವುದೆಂದು ನಿಶ್ಚಯಿಸಿದ. ಎರಡನ್ನು ಒಟ್ಟಿಗೆ ತಂದರೆ ಅವು ಒಂದಕ್ಕೊಂದು ಸಂಬಂಧಿಗಳೆಂದು ಸುಂಕದ ಕಟ್ಟೆಯಲ್ಲಿ ತಿಳಿದುಬಿಡಬಹುದು ಎಂಬ ಹೆದರಿಕೆ.

ಮೊದಲ ದಿನ ಒಂದು ಚಕ್ರ ತಂದ. ಏನಿದು ಎಂದು ಸುಂಕದ ಅಧಿಕಾರಿ ಕೇಳಿದ್ದಕ್ಕೆ, ಮಗಳಿಗೆ ಆಟದ ಸಾಮಾನು ಎಂದ. ಅಧಿಕಾರಿ ‘ಕಬ್ಬಿಣ’ ಎಂದು ಬರೆದುಕೊಂಡ. ಎಂಟನೆಯ ದಿನ ಒಂದು ಕನ್ನಡಿ ತಂದ. ಹೆಂಡತಿಗೆ ಎಂದ. ಒಂಬತ್ತನೆಯ ದಿನ ಅಂಥದೇ ಇನ್ನೊಂದು ಕನ್ನಡಿ ತಂದಾಗ ಅಧಿಕಾರಿ ತಲೆ ಎತ್ತಿದ. ಇದು ಅತ್ತೆಗೆ ಎಂದ ಅಂಚೆಯವನು. ಅಧಿಕಾರಿ ಎರಡು ಕನ್ನಡಿಗಳನ್ನೂ ಕಬ್ಬಿಣ ಎಂದೇ ಬರೆದುಕೊಂಡಿದ್ದ.

ದಿನಗಳು ಕಳೆದಂತೆ ಅವನಿಗೆ ಊಟ ಸೇರದಾಯಿತು. ಮನೆಯಲ್ಲಿ ಮಂಚದ ಕೆಳಗೆ, ಒಲೆಯ ಹಿಂದೆ, ಅಟ್ಟದ ಮೇಲೆ ಗಾಡಿ ಬೆಳೆಯುತ್ತಿತ್ತು. ನಾವು ಮನೆಯಲ್ಲಿದ್ದೇವೋ ಗಾಡಿಯೊಳಗಿದ್ದೇವೋ ಎಂದು ಹೆಂಡತಿ ಕೇಳಿದಳು. ಅವನು ಉಳಿದ ದಿನಗಳನ್ನು ಎಣಿಸಿದ. ಯಾವ ಭಾಗ ಯಾವುದರ ಮೇಲೆ ಕೂರಬೇಕು, ಯಾವ ತಿರುಪು ಎಲ್ಲಿಯದು ಎಂಬುದನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ. ಕಾಗದದ ಮೇಲೆ ಬರೆದಿಟ್ಟರೆ ಸಿಕ್ಕಿಬೀಳುವ ಭಯ.

ಕೊನೆಯದಾಗಿ ಇಂಜಿನ್ನು. ಅದನ್ನು ಕಂಬಳಿಯಲ್ಲಿ ಸುತ್ತಿ, ಒಬ್ಬ ಕೂಲಿಯವನ ಜೊತೆ ಹೊತ್ತು ತಂದ. ಏನು ಹೇಳಬೇಕೆಂದು ದೋಣಿಯಲ್ಲಿ ಹತ್ತು ಸಲ ಹೇಳಿಕೊಂಡಿದ್ದ. ಅಧಿಕಾರಿ ಕೇಳಲೇ ಇಲ್ಲ.

“ಇದನ್ನೂ ಕಬ್ಬಿಣ ಅಂತಲೇ ಬರೆದುಕೊಂಡಿದ್ದೇನೆ, ಅಣ್ಣ,” ಎಂದ. “ಬಿಡಿಬಿಡಿಯಾಗಿ ಇರುವವರೆಗೆ ಕಬ್ಬಿಣವೇ. ಕೂಡಿಸಿ ನಿಲ್ಲಿಸಿದ ದಿನ ಮೋಟಾರ್ ಸೈಕಲ್ಲು. ಆ ದಿನ ನಾನೇ ಮನೆಗೆ ಬರುತ್ತೇನೆ.”

ನಮ್ಮ ಕಾರ್ಖಾನೆಯಲ್ಲಿ ಕೂಡಿಸಿದರೆ ಮಾತ್ರ ಅದು ನಮ್ಮ ದೇಶದ ಗಾಡಿ ಆಗುತ್ತದೆ, ಆಗ ಸುಂಕವಿಲ್ಲ ಎಂದೂ ತಿಳಿಸಿದ. ಅತ್ತೆಯ ಆರೋಗ್ಯ ವಿಚಾರಿಸಿ ಕಳಿಸಿದ.

ಮೂವತ್ತಾರನೆಯ ದಿನ ಅಂಚೆಯವನು ಕಾರ್ಖಾನೆಗೆ ಹೋದ. ಮಾಲೀಕ ಮರ್ಯಾದೆಯಿಂದ ಕೂರಿಸಿದ. ಕೂಡಿಸುವ ಕೂಲಿ ನೂರ ನಲವತ್ತೊಂಬತ್ತು ನಾಣ್ಯ ಎಂದ. ಸುಂಕಕ್ಕಿಂತ ಒಂದು ನಾಣ್ಯ ಕಡಿಮೆ. ಮಾಲೀಕ ಕೆಟ್ಟವನಲ್ಲ. ಅಂಚೆಯವನ ಮುಖ ನೋಡಿ ಅವನೂ ತನ್ನ ಸಂಕಟ ಹೇಳಿಕೊಂಡ. ಮುನ್ನೂರು ಜನ ಕೆಲಸಗಾರರು. ಬೆಟ್ಟ ಹತ್ತುವ ಗಾಡಿ ನೂರು ನಾಣ್ಯಕ್ಕೆ ಸಿಗುವಂತಾದರೆ ಬೆಟ್ಟ ಹತ್ತದ ಗಾಡಿಯನ್ನು ಇನ್ನೂರ ನಲವತ್ತಕ್ಕೆ ಯಾರು ಕೊಳ್ಳುತ್ತಾರೆ? ಪ್ರತಿ ಐದನೆಯ ವರ್ಷ ಬಂದಾಗಲೂ ತನ್ನ ಕೂದಲು ಉದುರುತ್ತದೆ ಎಂದು ಟೋಪಿ ತೆಗೆದು ತೋರಿಸಿದ.

ಹಾಗೆಯೇ ಮಾತಿಗೆ, ಗಾಡಿ ಬಿಚ್ಚಿದವರು ಯಾರು ಎಂದು ಕೇಳಿದ. ತಾನೇ ಎಂದ ಅಂಚೆಯವನು. ಮತ್ತೆ ಕೂಡಿಸಲು ಬರುತ್ತದೆಯೇ ಎಂದ ಮಾಲೀಕ. ಅಂಚೆಯವನು ಕಣ್ಣು ಮುಚ್ಚಿ ಮೂವತ್ತೊಂದು ಭಾಗಗಳನ್ನೂ ಕ್ರಮವಾಗಿ ಹೇಳಿದ. ಐದು ವಾರದಿಂದ ಅವನ ತಲೆಯಲ್ಲಿ ಬೇರೇನೂ ಇರಲಿಲ್ಲ. ಮಾಲೀಕ ಟೋಪಿ ಮತ್ತೆ ಹಾಕಿಕೊಂಡ. ಬೆಟ್ಟ ಹತ್ತುವ ಗಾಡಿಯ ಒಳಗನ್ನು ಕಂಡವರು ತನ್ನಲ್ಲಿ ಒಬ್ಬರೂ ಇಲ್ಲವೆಂದೂ, ಕೆಲಸಕ್ಕೆ ಬರುವುದಾದರೆ ಅಂಚೆಯ ಸಂಬಳದ ಎರಡರಷ್ಟು ಕೊಡುವೆನೆಂದೂ ಹೇಳಿದ.

ಅಂಚೆಯವನು ಒಪ್ಪಲಿಲ್ಲ. ತಾನು ಟಪಾಲಿನವನು ಎಂದ. ಮನೆಗೆ ಬಂದು ಉಳಿದ ನಾಲ್ಕು ದಿನ ಆ ಭಾಗಗಳ ನಡುವೆ ಕುಳಿತ. ಎರಡು ಸಲ ಇಂಜಿನ್ನನ್ನು ಚೌಕಟ್ಟಿನ ಮೇಲೆ ಕೂರಿಸಿದ. ಎರಡು ಸಲವೂ ಬೀದಿಯಲ್ಲಿ ಯಾರದೋ ಹೆಜ್ಜೆ ಕೇಳಿ ಇಳಿಸಿಬಿಟ್ಟ. ಒಮ್ಮೆ ಬಂದದ್ದು ಪಕ್ಕದ ಮನೆಯವಳು, ಮೊಸರಿಗೆ ಹೆಪ್ಪು ಕೇಳಲು.

ನಲವತ್ತು ದಿನ ಮುಗಿಯಿತು. ಬೆಟ್ಟದ ಟಪಾಲು ಎಡದಂಡೆಯ ಒಬ್ಬನಿಗೆ ಹೋಯಿತು. ಅವನ ಬಳಿ ಅದೇ ಗಾಡಿ ಇತ್ತು. ಬೆಳಿಗ್ಗೆ ಬಂದು ಸಂಜೆ ಮರಳಿ ಹೋಗುವ ವಾಹನಕ್ಕೆ ಸುಂಕವಿರಲಿಲ್ಲ.

ಮರುದಿನ ಅಂಚೆಯವನು ಕೆಲಸ ಕೇಳಿ ಕಾರ್ಖಾನೆಯ ಬಾಗಿಲಲ್ಲಿ ನಿಂತ. ಭಾಗಗಳನ್ನು ಮಾಲೀಕ ಕಬ್ಬಿಣದ ಬೆಲೆಗೆ ಕೊಂಡ.

ಮುಂದಿನ ವರ್ಷ ಬೆಟ್ಟದ ಜನ ಅರಸನಿಗೆ ದೂರು ಕೊಟ್ಟರು. ರೋಗಿಗಳನ್ನು ಇಳಿಸಿ ತರುವುದಕ್ಕೂ ಗಾಡಿ ಇಲ್ಲ, ಕೊಳ್ಳಲು ಹೋದರೆ ಬೆಲೆ ಕೇಳುವಂತಿಲ್ಲ ಎಂದರು. ಐದನೆಯ ಐದು ವರ್ಷವೂ ಮುಗಿಯುತ್ತಾ ಬಂದಿತ್ತು. ಸುಂಕ ತೆಗೆಯುತ್ತಾರಂತೆ ಎಂಬ ಸುದ್ದಿ ಕಾರ್ಖಾನೆಗೆ ತಲುಪಿತು. ಅಂದು ಯಾರೂ ಬುತ್ತಿ ಬಿಚ್ಚಲಿಲ್ಲ. ಮುನ್ನೂರ ಒಂದು ಜನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಅರಮನೆಯ ಮುಂದೆ ನಿಂತರು. ಮೊದಲ ಸಾಲಿನಲ್ಲಿ ಅಂಚೆಯವನಿದ್ದ. ಅವನು ಮನೆಗೆ ಹೆಂಚು ಹೊದೆಸಿದ್ದ. ಮಗಳನ್ನು ಶಾಲೆಗೆ ಸೇರಿಸಿದ್ದ. ಅವಳ ಕೈ ಹಿಡಿದುಕೊಂಡಿದ್ದ.

ಅರಸ ಅವನನ್ನೇ ಕೇಳಿದ. “ನೀವು ಇನ್ನೂ ಕಲಿತಿಲ್ಲವೇ?”

ಬೆಟ್ಟ ಹತ್ತುವ ಗಾಡಿಯನ್ನು ಕಣ್ಣು ಮುಚ್ಚಿ ಕೂಡಿಸಬಲ್ಲವನು ಆ ದೇಶದಲ್ಲಿ ಅವನೊಬ್ಬನೇ. ಮಗಳ ಕೈ ಅವನ ಬೆವರಿನಿಂದ ಒದ್ದೆಯಾಗಿತ್ತು.

“ಕಲಿಯುತ್ತಿದ್ದೇವೆ, ಮಹಾಸ್ವಾಮಿ,” ಎಂದ. “ಇನ್ನೊಂದು ಐದು ವರ್ಷ.”

ಅರಸ ಆ ಗುಂಪನ್ನು ನೋಡಿದ. ಬೆಟ್ಟದವರು ದೂರದಲ್ಲಿದ್ದರು, ಇವರು ಬಾಗಿಲಲ್ಲಿದ್ದರು. ಐದು ವರ್ಷ ಕೊಟ್ಟ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನ ಮುಖ ಕೆಂಪಾಗಿತ್ತು. ಯಾವ ಸುಂಕದಿಂದ ತನ್ನ ಕೆಲಸ ಹೋಯಿತೋ ಅದೇ ಸುಂಕಕ್ಕಾಗಿ ಕೈಮುಗಿದು ನಿಂತನಲ್ಲ, ಬೆಟ್ಟದವರ ನೆನಪೂ ಅವನಿಗೆ ಆಗಲಿಲ್ಲವಲ್ಲ, ಅವನು ಎಂಥ ಮನುಷ್ಯ ಎಂದು ಕೇಳಿದ.

“ಒಳ್ಳೆಯ ಮನುಷ್ಯ,” ಎಂದರು ಗುರುಗಳು. “ಈ ದಿನ ನೀನು ಎರಡು ಸಲ ಬಡಿಸಿಕೊಂಡು ಉಂಡ ಅನ್ನದ ಅಕ್ಕಿ ಅವನು ತನ್ನ ಸಂಬಳದಲ್ಲಿ ಮಠಕ್ಕೆ ಕಳಿಸಿದ್ದು.”